ಬಾಕೋ ಎಂಬುದು ಯಾರ ಹೆಸರು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿರುವ ಹಳೆಯ ಸ್ಕ್ರೂ ಸ್ಪ್ಯಾನರ್ ಒಂದಿದೆ, ನಟ್ಟಿನ ಅಳತೆಗೆ ತಕ್ಕಂತೆ ಬಾಯಿಯನ್ನು ಹಿಗ್ಗಿಸಿ ಕುಗ್ಗಿಸಬಹುದಾದದ್ದು. ಮನೆಗೆ ಬಂದವರು ಅದನ್ನು ಕೈಗೆತ್ತಿಕೊಂಡು, ಹೆಬ್ಬೆರಳಿನಿಂದ ಅದರ ಸ್ಕ್ರೂ ತಿರುಗಿಸಿ, ದವಡೆಯನ್ನು ಒಮ್ಮೆ ತೆರೆದು ಮುಚ್ಚಿ, ಹಿಡಿಯ ಮೇಲಿನ ಸವೆದ ಅಕ್ಷರಗಳನ್ನು ಓದಿ, ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: "ಬಾಕೋ ಅಂದರೆ ಇದನ್ನು ಕಂಡುಹಿಡಿದವನ ಹೆಸರೇ?" ಅಲ್ಲ, ಅದು ಮಾರಿದವನ ಹೆಸರು. ಮಾಡಿದವನು ಬೇರೆ. ಇವರಿಬ್ಬರ ನಡುವಿನ ವ್ಯವಹಾರವೇ ಬಾಕೋ ಎಂಬ ಉಪಕರಣ ಕಂಪನಿಯ ಇತಿಹಾಸವಾದ್ದರಿಂದ, ಕೇಳಿದವರಿಗೆ ನಾನು ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮಾಡಿದವನು ಯೊಹಾನ್ ಪೆಟ್ಟರ್ ಯೊಹಾನ್ಸನ್. 1853ರಲ್ಲಿ ಪಶ್ಚಿಮ ಸ್ವೀಡನ್ನಿನ ವೋರ್ಗೋರ್ಡಾ ಎಂಬಲ್ಲಿ, ಪರರ ಭೂಮಿಯನ್ನು ನಂಬಿ ಬದುಕುತ್ತಿದ್ದ ಬಡ ಒಕ್ಕಲು ಕುಟುಂಬದ ಆರು ಮಕ್ಕಳಲ್ಲಿ ಹಿರಿಯನಾಗಿ ಹುಟ್ಟಿದ. ಅವನ ಮೊದಲ ಕೆಲಸ ಊರಿನ ಕಾರ್ಖಾನೆಯ ಉಗಿಯಂತ್ರ ನೋಡಿಕೊಳ್ಳುವವನಿಗೆ ಸಹಾಯಕನಾಗಿ ನಿಲ್ಲುವುದು. ಹತ್ತೊಂಬತ್ತರ ವಯಸ್ಸಿನಲ್ಲಿ ಊರು ಬಿಟ್ಟು ಮಣ್ಣು ಅಗೆಯುವ ಕೂಲಿಯಾದ. ಆಮೇಲೆ ಎಸ್ಕಿಲ್‌ಸ್ಟೂನಾದ ಮುಂಕ್‌ಟೆಲ್ ಕಾರ್ಖಾನೆಯಲ್ಲಿ ಕಬ್ಬಿಣದ ಕೆಲಸ ಕಲಿತ. 1886ರಲ್ಲಿ ಎನ್‌ಶೋಪಿಂಗ್ ಪಟ್ಟಣಕ್ಕೆ ಬಂದು ಸ್ವಂತ ವರ್ಕ್‌ಶಾಪ್ ತೆರೆದ. ಅದರ ಹೆಸರು ಎನ್‌ಶೋಪಿಂಗ್ಸ್ ಮೆಕಾನಿಸ್ಕಾ ವರ್ಕ್‌ಸ್ಟಾಡ್, ಅಂದರೆ ಎನ್‌ಶೋಪಿಂಗ್ ಯಂತ್ರ ಕಾರ್ಯಾಗಾರ. ಗಮನಿಸಿ, ಅದರಲ್ಲಿ ಊರಿನ ಹೆಸರಿದೆ, ಅವನದಿಲ್ಲ.

ಆ ಕಾಲದಲ್ಲಿ ನಟ್ಟು ಬೋಲ್ಟುಗಳ ಅಳತೆಗೆ ಎಲ್ಲರೂ ಒಪ್ಪಿದ ಲೆಕ್ಕವಿರಲಿಲ್ಲ. ರಿಪೇರಿಗೆ ಹೊರಟವನು ಒಂದೊಂದು ಅಳತೆಗೂ ಒಂದೊಂದು ಸ್ಪ್ಯಾನರ್ ಹೊರಬೇಕಿತ್ತು. ಹೊತ್ತು ತಂದದ್ದೂ ಹೊಂದದೆ ಹೋದರೆ ಹೊಸದನ್ನೇ ಮಾಡಿಕೊಳ್ಳಬೇಕಿತ್ತು. ಯೊಹಾನ್ಸನ್ 1888ರಲ್ಲಿ ಮೊದಲು ಪೈಪ್ ರೆಂಚ್‌ಗೆ ಪೇಟೆಂಟ್ ಪಡೆದ. ಸ್ಕ್ರೂ ಸ್ಪ್ಯಾನರ್ ಬಂದದ್ದು ಅದರ ಬೆನ್ನಿಗೇ, 1890ರ ದಶಕದ ಆರಂಭದಲ್ಲಿ. ದವಡೆ ಸರಿಯುವ ಸ್ಪ್ಯಾನರ್ ಎಂಬ ಕಲ್ಪನೆಯೇ ಅವನದು ಎನ್ನುವುದು ಸರಿಯಲ್ಲ. ಇಂಗ್ಲೆಂಡಿನ ರಿಚರ್ಡ್ ಕ್ಲೈಬರ್ನ್ 1842ರಷ್ಟು ಹಿಂದೆಯೇ ಅಂಥದೊಂದನ್ನು ಮಾಡಿದ್ದ. ಯೊಹಾನ್ಸನ್ ಅದಕ್ಕೆ ಇಂದಿಗೂ ಬದಲಾಗದೆ ಉಳಿದಿರುವ ರೂಪ ಕೊಟ್ಟ. ಚಲಿಸುವ ದವಡೆಯ ಬುಡದಲ್ಲಿ ಸಾಲು ಹಲ್ಲುಗಳು, ಆ ಹಲ್ಲುಗಳಿಗೆ ಕಚ್ಚಿಕೊಂಡು ತಲೆಯೊಳಗೇ ಕುಳಿತ ಸುರುಳಿ ಸ್ಕ್ರೂ, ಅದನ್ನು ತಿರುಗಿಸಲು ಒಂದು ಹೆಬ್ಬೆರಳು ಸಾಕು. ನಟ್ಟನ್ನು ಬಿಗಿಯುವಾಗ ದವಡೆಯ ಮೇಲೆ ಎಷ್ಟು ಒತ್ತಡ ಬಿದ್ದರೂ ಹಲ್ಲುಗಳು ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಲಾರವು. ಆದ್ದರಿಂದ ಬೇರೆ ಕೀಲಾಗಲಿ ಬೆಣೆಯಾಗಲಿ ಬೇಕಿಲ್ಲ. ಇದನ್ನು ಬಳಸುವಾಗ ಹಿಡಿಯನ್ನು ಚಲಿಸುವ ದವಡೆ ಇರುವ ಕಡೆಗೆ ಎಳೆಯಬೇಕು, ಆಗ ಭಾರವೆಲ್ಲ ಸ್ಥಿರ ದವಡೆಯ ಮೇಲೆ ಬೀಳುತ್ತದೆ. ತಿರುಗುಮುರುಗಾಗಿ ಎಳೆದು ನಟ್ಟಿನ ಮೂಲೆಗಳನ್ನು ದುಂಡಗೆ ಮಾಡಿದವರೇ "ಸ್ಕ್ರೂ ಸ್ಪ್ಯಾನರ್ ಕೆಲಸಕ್ಕೆ ಬಾರದ್ದು" ಎಂದು ದೂರುವುದನ್ನು ನಾನು ಹಲವು ಸಲ ಕೇಳಿದ್ದೇನೆ.

ಇನ್ನು ಮಾರಿದವನು. ಬರ್ನ್ಟ್ ಆಗಸ್ಟ್ ಯೋರ್ಟ್ ಎಂಬಾತ 1889ರಲ್ಲಿ ಸ್ಟಾಕ್‌ಹೋಮಿನಲ್ಲಿ ಬಿ. ಎ. ಯೋರ್ಟ್ ಆಂಡ್ ಕಂಪನಿ ಎಂಬ ವ್ಯಾಪಾರ ಸಂಸ್ಥೆಯನ್ನು ಆರಂಭಿಸಿದ. ಅವನ ಮನೆತನದ ಹೆಸರನ್ನು ಸ್ವೀಡಿಶ್ ಭಾಷೆಯಲ್ಲಿ ಬರೆಯುವಾಗ ಮೊದಲು 'ಎಚ್' ಅಕ್ಷರ ಬರುತ್ತದೆ, ಓದುವಾಗ ಅದು ಮಾಯವಾಗುತ್ತದೆ. ಬಿ, ಎ, ಎಚ್ ಮೂರು ಅಕ್ಷರಗಳಿಗೆ ಕಂಪನಿಯ 'ಕೋ' ಸೇರಿ 'ಬಾಕೋ' ಆಯಿತು. ಯೊಹಾನ್ಸನ್ನನ ಉಪಕರಣಗಳನ್ನು ಜಗತ್ತಿನಾದ್ಯಂತ ಮಾರುವ ಹಕ್ಕು ಈ ಸಂಸ್ಥೆಗೆ ಸಿಕ್ಕಿತು. ಇದೇ ಸಂಸ್ಥೆ ಪ್ರೈಮಸ್ ಸ್ಟವ್‌ಗಳನ್ನೂ ಮಾರುತ್ತಿತ್ತು, ಮುಂದೆ ಅದರ ತಯಾರಿಕೆಯನ್ನೂ ತನ್ನದಾಗಿಸಿಕೊಂಡಿತು. ಪಂಪ್ ಹೊಡೆದು, ನಿಪ್ಪಲ್ಲಿಗೆ ಪಿನ್ನು ಚುಚ್ಚಿ, ಭುಸುಗುಡುವ ನೀಲಿ ಉರಿಯ ಮೇಲೆ ಅನ್ನ ಬೇಯಿಸಿದ ನಮ್ಮ ಅಜ್ಜಿಯರ ಕಾಲದ ಮನೆಗಳಿಗೆ, ಬಾಕೋ ಎಂಬ ಹೆಸರು ಕಿವಿಗೆ ಬೀಳುವ ಮೊದಲೇ ಆ ವ್ಯಾಪಾರಿ ಹಬ್ಬಿಸಿದ ಸ್ಟವ್ವಿನ ಹೆಸರು ಬಂದಿತ್ತು.

ಮಾರಾಟದ ದಾರಿ ಯಾವುದೋ ಹೆಸರೂ ಅದೇ ಎಂಬುದಕ್ಕೆ ಈ ಸ್ಪ್ಯಾನರ್ ಒಳ್ಳೆಯ ಉದಾಹರಣೆ. ಡೆನ್ಮಾರ್ಕಿನವರು ಇದನ್ನು 'ಸ್ವೀಡಿಶ್ ಕೀಲಿ' ಎನ್ನುತ್ತಾರೆ. ಇಟಲಿ ಮತ್ತು ಸ್ಪೇನಿನವರಿಗೆ ಇದು 'ಇಂಗ್ಲಿಷ್ ಕೀಲಿ'. ಅಮೆರಿಕದಲ್ಲಿ 'ಕ್ರೆಸೆಂಟ್ ರೆಂಚ್', ಏಕೆಂದರೆ ಅಲ್ಲಿ ಇದನ್ನು ಮನೆಮಾತಾಗಿಸಿದ್ದು 1907ರಲ್ಲಿ ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನಿನಲ್ಲಿ ಶುರುವಾದ ಕ್ರೆಸೆಂಟ್ ಕಂಪನಿ. ಅದರ ಸ್ಥಾಪಕ ಕಾರ್ಲ್ ಪೀಟರ್ಸನ್ ಕೂಡ ಸ್ವೀಡನ್ನಿನಿಂದ ವಲಸೆ ಹೋದವನೇ. ನಮ್ಮ ಗ್ಯಾರೇಜಿನವರು ಮಾತ್ರ ದೇಶದ ಗೊಡವೆಗೆ ಹೋಗದೆ, ಕಣ್ಣಿಗೆ ಕಾಣುವ ಸ್ಕ್ರೂವಿನಿಂದಲೇ ಹೆಸರಿಟ್ಟರು. ನನಗೆ ಇದೇ ಹೆಚ್ಚು ನ್ಯಾಯವೆನಿಸುತ್ತದೆ.

1916ರಲ್ಲಿ ಯೊಹಾನ್ಸನ್ ತನ್ನ ಕಾರ್ಖಾನೆಯನ್ನೂ ಯೋರ್ಟ್ ಸಂಸ್ಥೆಗೆ ಬಿಟ್ಟುಕೊಟ್ಟ. ಅರವತ್ತು ದಾಟಿದವನು ಸುಮ್ಮನೆ ಕೂರಲಿಲ್ಲ; 1919ರಲ್ಲಿ ಟ್ರಿಪ್ಲೆಕ್ಸ್ ಎಂಬ ಹೊಸ ಕಾರ್ಖಾನೆ ತೆರೆದು, ಮೇಲಕ್ಕೂ ಕೆಳಕ್ಕೂ ಎಳೆಯಬಹುದಾದ ತೂಗುದೀಪಗಳನ್ನು ಮಾಡತೊಡಗಿದ. 1943ರಲ್ಲಿ ತೀರಿಕೊಂಡಾಗ ಅವನ ಖಾತೆಯಲ್ಲಿ ನೂರಕ್ಕೂ ಹೆಚ್ಚು ಪೇಟೆಂಟ್‌ಗಳಿದ್ದವು. ಮುಂದಿನ ಒಡೆತನದ ಕಥೆ ಬೇಗ ಮುಗಿಯುತ್ತದೆ: 1991ರಲ್ಲಿ ಬಾಕೋ ಉಪಕರಣಗಳ ವಿಭಾಗವನ್ನು ಸ್ವೀಡನ್ನಿನದೇ ಆದ ಸ್ಯಾಂಡ್ವಿಕ್ ಕೊಂಡಿತು, 1999ರಲ್ಲಿ ಅದು ಅಮೆರಿಕದ ಸ್ನ್ಯಾಪ್-ಆನ್ ಪಾಲಾಯಿತು. ಈಗ ಬಾಕೋ ಉಪಕರಣಗಳ ಮೇಲೆ ಕಾಣುವ ಮೀನು ಮತ್ತು ಗಾಳದ ಗುರುತು ಮೂಲತಃ ಬಾಕೋದ್ದಲ್ಲ. 1886ರಿಂದ ಸ್ಯಾಂಡ್ವಿಕ್ಕಿನ ಗರಗಸಗಳ ಮೇಲಿದ್ದದ್ದು, ಒಡೆತನದ ಜೊತೆಗೆ ಬಂದದ್ದು.

ಇಷ್ಟು ಹೇಳುವಷ್ಟರಲ್ಲಿ ಕೇಳುಗರಲ್ಲಿ ಯಾರಾದರೊಬ್ಬರು, "ನಾವು ಬಳಸುವುದು ತಪಾರಿಯಾ, ಅದು ನಮ್ಮದೇ ಅಲ್ಲವೇ?" ಎನ್ನುತ್ತಾರೆ. ನಮ್ಮದೇ. ಆದರೆ ತಪಾರಿಯಾ ಟೂಲ್ಸ್ ನಾಸಿಕ್‌ನಲ್ಲಿ 1969ರಲ್ಲಿ ತಯಾರಿಕೆ ಆರಂಭಿಸಿದ್ದು ಇದೇ ಬಾಕೋ ಕಂಪನಿಯ ತಾಂತ್ರಿಕ ಸಹಯೋಗದಿಂದ. ಆಮೇಲೆ ಆ ವಿದ್ಯೆಯನ್ನು ಪೂರ್ತಿ ಮೈಗೂಡಿಸಿಕೊಂಡು ಕಂಪನಿ ತನ್ನ ಕಾಲ ಮೇಲೆ ನಿಂತಿತು. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಎಲೆಕ್ಟ್ರಿಷಿಯನ್ನನ ಚೀಲದೊಳಗಿರುವ ಸ್ಪ್ಯಾನರ್ ಯಾರದು ಎಂದರೆ, ಅದನ್ನು ಕಾಯಿಸಿ, ಬಡಿದು, ಹದಗೊಳಿಸಿದ ನಾಸಿಕ್‌ನವರದು ಎಂದೇ ನಾನು ಹೇಳುತ್ತೇನೆ. ನಂಟು ಮಾತ್ರ ಎನ್‌ಶೋಪಿಂಗಿನದು.

ಬಂದವರು ಸ್ಪ್ಯಾನರ್ ಕೆಳಗಿಡುವ ಮೊದಲು, ಒಮ್ಮೆ ತಿರುಗಿಸಿ ನೋಡಿ ಎನ್ನುತ್ತೇನೆ. ಹಿಡಿಯ ಆ ಬದಿಯಲ್ಲಿ, ಎಣ್ಣೆಯ ಜಿಡ್ಡು ಕೂತ ಸಣ್ಣ ಅಕ್ಷರಗಳಲ್ಲಿ, ಎನ್‌ಶೋಪಿಂಗ್ಸ್ ಮೆಕ್. ವರ್ಕ್‌ಸ್ಟಾಡ್ ಎಂದಿದೆ.