ಇಟಲಿಯಲ್ಲಿ ಬಾಡಿಗೆ ಕಾರು ಓಡಿಸಿದ್ದು ಮೇ ತಿಂಗಳಲ್ಲಿ, ಫೈನ್ ಮನೆಗೆ ಬಂದದ್ದು ಫೆಬ್ರವರಿಯಲ್ಲಿ

ಜುಲೈ ತಿಂಗಳ ಒಂದು ಬೆಳಿಗ್ಗೆ ಫೋನಿಗೆ ಮೆಸೇಜ್ ಬಂತು. ಕ್ರೆಡಿಟ್ ಕಾರ್ಡಿನಿಂದ 50 ಯೂರೊ ಹೋಗಿತ್ತು. ತೆಗೆದುಕೊಂಡವರು ನಾವು ಮೇ ತಿಂಗಳಲ್ಲಿ ಫ್ಲಾರೆನ್ಸ್‌ನಲ್ಲಿ ಕಾರು ಪಡೆದಿದ್ದ ಬಾಡಿಗೆ ಕಂಪನಿಯವರು. ಈಮೇಲ್ ತೆಗೆದು ನೋಡಿದರೆ, ನಮ್ಮ ಗಾಡಿಯ ಮೇಲೆ ಟ್ರಾಫಿಕ್ ಕೇಸ್ ಇದೆ ಎಂದು ಎರಡೇ ಸಾಲು. "ಹೋಗ್ಲಿ ಬಿಡು, ಫೈನ್ ಕಟ್ಟಿಕೊಂಡ್ರಲ್ಲ, ಮುಗೀತು" ಎಂದು ನಾನೂ ನನ್ನ ಹೆಂಡತಿಯೂ ಮಾತಾಡಿಕೊಂಡೆವು.

ಮುಗಿದಿರಲಿಲ್ಲ. ಆ 50 ಯೂರೊ ಫೈನೇ ಅಲ್ಲ. ಪೊಲೀಸರು ಬಾಡಿಗೆ ಕಂಪನಿಗೆ "ಈ ದಿನ ಈ ಗಾಡಿ ಯಾರ ಹತ್ತಿರ ಇತ್ತು?" ಎಂದು ಕೇಳುತ್ತಾರೆ. ಕಂಪನಿಯವರು ನಮ್ಮ ಹೆಸರು, ವಿಳಾಸ ಕೊಡುತ್ತಾರೆ. ಹಾಗೆ ಕೊಟ್ಟಿದ್ದಕ್ಕೆ ಅವರು ತೆಗೆದುಕೊಳ್ಳುವ ಚಾರ್ಜ್ ಅದು. ಕಾರು ಪಡೆಯುವಾಗ ನಾವು ಸಹಿ ಹಾಕುವ ಅಗ್ರಿಮೆಂಟಿನಲ್ಲೇ ಇದು ಬರೆದಿರುತ್ತದೆ. ಮೂರು ಕೇಸ್ ಆದರೆ ಮೂರು ಸಲ ಕಟ್ ಆಗುತ್ತದೆ. ನಿಜವಾದ ಫೈನ್ ಆಮೇಲೆ, ಬೇರೆಯಾಗಿ, ಮನೆಗೇ ಬರುತ್ತದೆ. ಇಟಲಿಗೆ ಹೋಗಿ ಕಾರು ಓಡಿಸಬೇಕೆಂದು ಯೋಚಿಸುತ್ತಿರುವವರು ಇದೊಂದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ನಮ್ಮ ಹಾಗೆ ತಪ್ಪು ತಿಳಿದುಕೊಂಡವರು ತುಂಬಾ ಜನ ಇರಬೇಕು.

ಪ್ರವಾಸ ಮಾತ್ರ ಬಹಳ ಚೆನ್ನಾಗಿತ್ತು. ನಾಲ್ಕು ದಿನ ಟಸ್ಕನಿಯಲ್ಲಿ ಸುತ್ತಿದೆವು. ಸಿಯೆನಾ, ಪಿಯೆಂಜಾ, ಮೊಂಟಾಲ್ಚಿನೊ, ಆಮೇಲೆ ಪೀಸಾ. ಈ ಕಡೆಯ ಹಳ್ಳಿಗಳಿಗೆ ಬಸ್ಸು ಕಡಿಮೆ, ಕಾರು ಇದ್ದರೇ ಅನುಕೂಲ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ಟನ್ನು ಮೈಸೂರಿನ ಆರ್‌ಟಿಒದಲ್ಲಿ 1000 ರೂಪಾಯಿ ಕಟ್ಟಿ ಮಾಡಿಸಿಕೊಂಡಿದ್ದೆ. ಒಂದು ವರ್ಷ ನಡೆಯುತ್ತದೆ. ನಮ್ಮ ಲೈಸೆನ್ಸ್ ಜೊತೆ ಅದನ್ನೂ ಕೌಂಟರಿನಲ್ಲಿ ಕೇಳಿದರು. ಬಲಗಡೆ ಓಡಿಸುವುದು ಅರ್ಧ ದಿನದಲ್ಲಿ ಕೈಗೆ ಹತ್ತಿತು.

ನನಗೆ ಹತ್ತದೇ ಹೋದದ್ದು ಒಂದು ಬೋರ್ಡು.

ಸಿಯೆನಾದಿಂದ ದಕ್ಷಿಣಕ್ಕೆ ಹೋಗುವ ರಸ್ತೆ. ಎರಡೂ ಕಡೆ ಹಸಿರು ಗುಡ್ಡ, ಸಾಲಾಗಿ ಸೈಪ್ರೆಸ್ ಮರ. ಮಿತಿ 90. ಹೋಗ್ತಾ ಹೋಗ್ತಾ ಒಂದು ಬಿಳಿ ಬೋರ್ಡು, ಅದರ ಮೇಲೆ ಕಪ್ಪು ಅಕ್ಷರದಲ್ಲಿ ಊರಿನ ಹೆಸರು. ನಮ್ಮ ಕಡೆ ಊರಿನ ಹೆಸರಿನ ಕಲ್ಲು ಇರುತ್ತದಲ್ಲ, ಹಾಗೇ ಎಂದುಕೊಂಡೆ. ಆದರೆ ಅಲ್ಲಿ ಆ ಬೋರ್ಡೇ ವೇಗದ ಮಿತಿ. ಅದು ದಾಟಿದ ಕ್ಷಣದಿಂದ 50. ಬೇರೆ ಸಂಖ್ಯೆ ಹಾಕಿರಬೇಕೆಂದಿಲ್ಲ. ಅದೇ ಹೆಸರಿನ ಮೇಲೆ ಕೆಂಪು ಗೆರೆ ಅಡ್ಡ ಎಳೆದ ಬೋರ್ಡು ಬಂದಾಗ ಊರು ಮುಗಿಯಿತು ಎಂದರ್ಥ. ಅಲ್ಲಿಯವರೆಗೂ 50. ಮುಂದೆ ರಸ್ತೆ ಪಕ್ಕ ಒಂದು ಡಬ್ಬ ಇತ್ತು. ಆಟೊವೆಲೊಕ್ಸ್ ಎನ್ನುತ್ತಾರೆ, ಸ್ಪೀಡ್ ಕ್ಯಾಮೆರಾ. ಅದಕ್ಕೂ ಮುಂಚೆ 'ಕಂಟ್ರೊಲ್ಲೊ ಎಲೆಟ್ರೊನಿಕೊ ದೆಲ್ಲಾ ವೆಲೊಚಿಟಾ' ಎಂಬ ಎಚ್ಚರಿಕೆ ಫಲಕ ಇದ್ದೇ ಇರುತ್ತದೆ. ಈ ನಾಲ್ಕು ಪದ ಬಾಯಿಪಾಠ ಮಾಡಿಕೊಂಡು ಹೋಗಿ.

ಹೆದ್ದಾರಿಯಲ್ಲಿ, ಅಂದರೆ ಆಟೊಸ್ಟ್ರಾಡಾದಲ್ಲಿ, ಮಿತಿ 130. ಮಳೆ ಬಂದರೆ ಅದೇ 110 ಆಗುತ್ತದೆ. ಅಲ್ಲಿ 'ಟ್ಯೂಟರ್' ಎಂಬ ವ್ಯವಸ್ಥೆ ಇದೆ. ಎರಡು ಕ್ಯಾಮೆರಾಗಳ ನಡುವೆ ನಿಮ್ಮ ಸರಾಸರಿ ವೇಗ ಲೆಕ್ಕ ಹಾಕುತ್ತದೆ. ಕ್ಯಾಮೆರಾ ಕಂಡಾಗ ಬ್ರೇಕ್ ಹಾಕಿ ಆಮೇಲೆ ಓಡಿಸಿದರೆ ಉಪಯೋಗವಿಲ್ಲ. ಫ್ಲಾರೆನ್ಸ್‌ನಿಂದ ಪೀಸಾಗೆ ಹೋಗುವ ಫಿ-ಪಿ-ಲಿ ರಸ್ತೆ ನೋಡಲು ಹೆದ್ದಾರಿ ಥರಾನೇ ಇದೆ. ಆದರೆ ಮಿತಿ ಬಹುಪಾಲು 90, ಕ್ಯಾಮೆರಾಗಳೂ ಜಾಸ್ತಿ.

ಇನ್ನು ಕಾಗದದ ವಿಷಯಕ್ಕೆ ಬರುತ್ತೇನೆ. ಫೆಬ್ರವರಿಯ ಒಂದು ಗುರುವಾರ ರಾತ್ರಿ ಮೈಸೂರಿನಿಂದ ಅಪ್ಪ ಫೋನ್ ಮಾಡಿದರು. "ಇಟಲಿಯಿಂದ ನಿನ್ನ ಹೆಸರಿಗೆ ಏನೋ ರಿಜಿಸ್ಟರ್ಡ್ ಪೋಸ್ಟ್ ಬಂದಿದೆ ಕಣೋ. ಮಂಗಳವಾರವೇ ಸೈನ್ ಹಾಕಿ ತಗೊಂಡೆ, ಹೇಳೋದು ಮರೆತೆ." ನಾನು ಬೆಂಗಳೂರಿನಲ್ಲಿದ್ದೆ. ಎಲ್ಲ ಹಾಳೆಗಳ ಫೋಟೊ ತೆಗೆದು ವಾಟ್ಸಾಪ್ ಮಾಡಿ ಅಂದೆ. ಪುಣ್ಯಕ್ಕೆ ಇಂಗ್ಲಿಷ್‌ನಲ್ಲೂ ಇತ್ತು. ಹೊರದೇಶದವರಿಗೆ ನೋಟಿಸ್ ಕಳಿಸಲು ಅವರಿಗೆ 360 ದಿನ ಸಮಯವಿದೆ. ಹಾಗಾಗಿ ತಡವಾಗಿ ಬಂತು, ಸುಳ್ಳಿರಬೇಕು ಎಂದು ಎಸೆಯಬೇಡಿ. ಹಾಗಂತ ಕಣ್ಣುಮುಚ್ಚಿ ದುಡ್ಡನ್ನೂ ಕಟ್ಟಬೇಡಿ. ಗಾಡಿ ನಂಬರು, ದಿನ, ಗಂಟೆ ನಿಮ್ಮ ಬಾಡಿಗೆ ಅಗ್ರಿಮೆಂಟಿಗೆ ಹೊಂದುತ್ತದೆಯೇ ನೋಡಿ. ನಮ್ಮ ನೋಟಿಸಿನಲ್ಲಿ ಫೋಟೊ ನೋಡಲು ಒಂದು ವೆಬ್‌ಸೈಟ್, ಒಂದು ಕೋಡ್ ಇತ್ತು. ತೆಗೆದರೆ ನಮ್ಮದೇ ಬಿಳಿ ಕಾರು, ಹಿಂದಿನಿಂದ.

ಕ್ಯಾಮೆರಾ ಹಿಡಿದ ವೇಗ 67. ಅದರಲ್ಲಿ 5 ಕಿ.ಮೀ. ರಿಯಾಯಿತಿ ಕಳೆದರೆ 62. ಅಂದರೆ ಮಿತಿಗಿಂತ 12 ಜಾಸ್ತಿ. ಇಲ್ಲೇ ದೊಡ್ಡ ವ್ಯತ್ಯಾಸ ಆಗುವುದು. 10 ಕಿ.ಮೀ.ವರೆಗೆ ಮೀರಿದರೆ ಫೈನ್ 42 ಯೂರೊದಿಂದ ಶುರು. 10 ದಾಟಿ 40ರವರೆಗೆ 173. ಬರೀ 2 ಕಿ.ಮೀ.ಗೆ ನಾವು ನಾಲ್ಕು ಪಟ್ಟು ಕಟ್ಟಬೇಕಾಯಿತು. ರಾತ್ರಿ 10ರಿಂದ ಬೆಳಿಗ್ಗೆ 7ರೊಳಗೆ ಆಗಿದ್ದರೆ ಮೂರನೇ ಒಂದು ಭಾಗ ಮತ್ತೆ ಸೇರುತ್ತದೆ.

ಅದೇ ಹಾಳೆಯ ಕೆಳಗೆ ಇನ್ನೊಂದು ಸಾಲು ಕಂಡಿತು. ನೋಟಿಸ್ ಕೈಸೇರಿದ 5 ದಿನದೊಳಗೆ ಕಟ್ಟಿದರೆ 30% ಕಡಿಮೆ. ಕೈಸೇರಿದ ದಿನ ಎಂದರೆ ಅಪ್ಪ ಸಹಿ ಹಾಕಿದ ಮಂಗಳವಾರ. ಭಾನುವಾರ ಗಡುವು! 60 ದಿನ ದಾಟಿದರೆ 173 ಹೋಗಿ 347 ಆಗುತ್ತದೆ.

ಬ್ಯಾಂಕ್ ಮೂಲಕ ಕಳಿಸೋಣ ಎಂದರೆ ಹೊರದೇಶಕ್ಕೆ ದುಡ್ಡು ಕಳಿಸುವ ಎ2 ಫಾರಂ ತುಂಬಬೇಕು, ದಿನಗಳು ಹಿಡಿಯುತ್ತವೆ. ಮಧ್ಯದ ಬ್ಯಾಂಕು ತನ್ನ ಚಾರ್ಜ್ ಹಿಡಿದುಕೊಂಡು ಕಮ್ಮಿ ದುಡ್ಡು ತಲುಪಿದರೆ ಅದನ್ನು ಪೂರ್ತಿ ಕಟ್ಟಿದಂತೆ ನೋಡುವುದಿಲ್ಲ. ಬ್ಯಾಂಕಿನಿಂದಲೇ ಕಳಿಸುವುದಾದರೆ ಎಲ್ಲ ಚಾರ್ಜೂ ನಮ್ಮದೇ ಎಂದು ಬರೆಸಿ. ನಾನು ಕಾರ್ಡಿನಲ್ಲಿ ಕಟ್ಟಿದೆ. ಕಾರ್ಡಿನಲ್ಲಿ ಇಂಟರ್‌ನ್ಯಾಷನಲ್ ಪೇಮೆಂಟ್ ಆಫ್ ಆಗಿತ್ತು. ಆ್ಯಪ್‌ನಲ್ಲಿ ಆನ್ ಮಾಡಿಕೊಂಡು ಶುಕ್ರವಾರ ಬೆಳಿಗ್ಗೆ ಮುಗಿಸಿದೆ. 121 ಯೂರೊ 10 ಸೆಂಟ್, ಅದರ ಮೇಲೆ ಅಂಚೆ ಮತ್ತು ನೋಟಿಸಿನ ಖರ್ಚು. ನೋಟಿಸ್ ಜೊತೆ ಗಾಡಿ ಓಡಿಸಿದವರ ವಿವರ ಕೇಳುವ ಫಾರಂ ಇದ್ದರೆ ಅದನ್ನೂ ತುಂಬಿ ಕಳಿಸಿ. ದುಡ್ಡು ಕಟ್ಟಿದರೂ ಅದು ಬೇರೆ ಕೆಲಸ.

ತಪ್ಪು ನಿಮ್ಮದಲ್ಲ ಎಂದು ಖಾತ್ರಿ ಇದ್ದರೆ 60 ದಿನದೊಳಗೆ ಅಲ್ಲಿನ ಪ್ರಿಫೆಕ್ಟ್‌ಗೆ, ಅಂದರೆ ನಮ್ಮ ಜಿಲ್ಲಾಧಿಕಾರಿಯಂಥ ಸರ್ಕಾರಿ ಅಧಿಕಾರಿಗೆ, ತಕರಾರು ಬರೆಯಬಹುದು, ಅದಕ್ಕೆ ಫೀಸ್ ಇಲ್ಲ. ಆದರೆ ಒಮ್ಮೆ ಕಟ್ಟಿಬಿಟ್ಟರೆ ತಕರಾರಿನ ಹಕ್ಕು ಹೋಗುತ್ತದೆ. ಎರಡರಲ್ಲಿ ಒಂದನ್ನು ಮೊದಲೇ ತೀರ್ಮಾನಿಸಿ.

"ಇಂಡಿಯಾವರೆಗೆ ಯಾರು ಬರ್ತಾರೆ, ಸುಮ್ನೆ ಇದ್ದುಬಿಡು" ಎಂದು ಇಬ್ಬರು ಗೆಳೆಯರು ಹೇಳಿದರು. ನನಗೆ ಅದು ಸರಿ ಕಾಣಲಿಲ್ಲ. ಆ ಊರು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮನೆಗಳ ಬಾಗಿಲು ನೇರವಾಗಿ ರಸ್ತೆಗೇ ತೆರೆಯುತ್ತವೆ, ಫುಟ್‌ಪಾತ್ ಅಂತ ಇರಲಿಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ವಯಸ್ಸಾದವರು ಕೂತಿದ್ದರು. ಅಲ್ಲಿ 67ರಲ್ಲಿ ಹೋಗಬಾರದಿತ್ತು.

ಇನ್ನೊಂದು ಮಾತು. ಫ್ಲಾರೆನ್ಸ್, ಸಿಯೆನಾದಂಥ ಹಳೇ ಊರುಗಳ ಒಳಭಾಗಕ್ಕೆ ಪರವಾನಗಿ ಇಲ್ಲದ ಗಾಡಿ ಹೋಗುವಂತಿಲ್ಲ. ಜೆಡ್‌ಟಿಎಲ್ ಎಂದು ಬೋರ್ಡು, ಬಿಳಿ ವೃತ್ತದ ಸುತ್ತ ಕೆಂಪು ಅಂಚು. ಅಲ್ಲೂ ಕ್ಯಾಮೆರಾ. ಹೋಟೆಲ್ ಒಳಗಡೆ ಇದ್ದರೆ ಮುಂಚೆಯೇ ನಿಮ್ಮ ಗಾಡಿ ನಂಬರು ಕೊಟ್ಟು ಅನುಮತಿ ಮಾಡಿಸಲು ಹೇಳಿ. ಇಲ್ಲದಿದ್ದರೆ ಊರ ಹೊರಗೆ ನಿಲ್ಲಿಸಿ ನಡೆದೇ ಹೋಗಿ.

ಬಾಡಿಗೆ ಅಗ್ರಿಮೆಂಟನ್ನು ಎರಡು ವರ್ಷ ಜೋಪಾನವಾಗಿಡಿ, ಫೈನ್ ಕಟ್ಟಿದ ರಸೀದಿಯನ್ನೂ ಅದರ ಜೊತೆಗೇ ಇಡಿ. ಅಗ್ರಿಮೆಂಟಿನಲ್ಲಿ ಯಾವಾಗಲೂ ಯಾರಾದರೂ ಇರುವ ಮನೆಯ ವಿಳಾಸ ಕೊಡಿ. ಆ ಮನೆಯವರಿಗೆ ಹೊರಡುವ ಮುಂಚೆಯೇ ಹೇಳಿ ಹೋಗಿ: ಇನ್ನು ಒಂದೂವರೆ ವರ್ಷ ಇಟಲಿಯಿಂದ ಯಾವ ಕಾಗದ ಬಂದರೂ, ಸಹಿ ಹಾಕಿದ ತಕ್ಷಣ ಫೋನ್ ಮಾಡಿ ಅಂತ.