ಅನ್ನ ಎಲ್ಲುಂಟು?

“ಅಜ್ಜೀ, ಇವತ್ತು ರಾತ್ರಿಗೆ ಕ್ಯಾಸರೋಲ್ ಉಂಟಾ?” ಎಂದು ಹುಡುಗಿ ಕೇಳಿದ್ದೇ ತಡ, ನಾನು ಸ್ಟೂಲು ಹತ್ತಿ ಅಟ್ಟಕ್ಕೆ ಕೈ ಚಾಚಿದೆ. ನಮ್ಮಲ್ಲಿ ಅದಕ್ಕೇನು ಬರ? ಗೃಹಪ್ರವೇಶಕ್ಕೆ ಬಂದವು ಮೂರು, ನಾನು ಶಾಲೆಯಿಂದ ನಿವೃತ್ತಳಾದ ದಿನ ಸಿಕ್ಕಿದ್ದು ಒಂದು. ಹೊರಗೆ ಕೆಂಪು ಪ್ಲಾಸ್ಟಿಕ್, ಒಳಗೆ ಸ್ಟೀಲು, ಮುಚ್ಚಳದ ಮೇಲೆ ಗುಲಾಬಿ ಹೂ. ರಟ್ಟಿನ ಪೆಟ್ಟಿಗೆಯನ್ನೂ ಬಿಚ್ಚದೆ ಇಟ್ಟಿದ್ದ ಒಂದನ್ನು ಕೆಳಗಿಳಿಸಿ, ಒರೆಸಿ, ಮೇಜಿನ ಮೇಲಿಟ್ಟೆ. ಹುಡುಗಿ ಮುಚ್ಚಳ ತೆಗೆದು ಇಣುಕಿ ನೋಡಿ, “ಒಳಗೆ ಏನೂ ಇಲ್ಲ” ಎಂದಳು. ಅವಳಮ್ಮ ನಗು ತಡೆಯಲಾರದೆ ಅಡುಗೆ ಮನೆಯ ಹೊಸ್ತಿಲಲ್ಲೇ ಕೂತುಬಿಟ್ಟಳು.

ಅವಳಮ್ಮ ಎಂದರೆ ನನ್ನ ತಂಗಿಯ ಮಗಳು. ಮಿನ್ನೆಸೋಟಾದಲ್ಲಿ ಇರುವುದು. ಅಲ್ಲಿ ಮಕ್ಕಳಿಗೆ ದೊಡ್ಡ ರಜೆ ಸಿಗುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಹಾಗಾಗಿ ಊರಿಗೆ ಬರುವುದೆಂದರೆ ನಮ್ಮ ಕಾಸರಗೋಡಿನ ನೀರ್ಚಾಲಿನಲ್ಲಿ ಆಟಿಯ ಮಳೆ ಹೊಯ್ಯುವಾಗಲೇ. ಬಟ್ಟೆ ಒಣಗುವುದಿಲ್ಲ, ಅಂಗಳದಲ್ಲಿ ಪಾಚಿ, ಮಗುವಿಗೆ ಹೊರಗೆ ಕಾಲಿಡಲು ಬಿಡುವಂತಿಲ್ಲ. ಎರಡು ವಾರ ನಮ್ಮ ಕುಚ್ಚಿಲಕ್ಕಿ ಅನ್ನ, ಮೇಲಾರ, ತಂಬುಳಿ ಉಂಡ ಹತ್ತು ವರ್ಷದ ಮಗುವಿಗೆ ತನ್ನ ಊರಿನ ಊಟ ನೆನಪಾಗಿತ್ತು, ಅಷ್ಟೆ.

“ದೊಡ್ಡಮ್ಮ, ಅಲ್ಲಿ ಕ್ಯಾಸರೋಲ್ ಅಂದ್ರೆ ತಿನ್ನುವಂಥದ್ದು. ತರಕಾರಿ, ಸಾಸು ಎಲ್ಲ ಒಂದೇ ಪಾತ್ರೆಗೆ ಹಾಕಿ ಓವನ್ನಿನಲ್ಲಿ ಬೇಯಿಸುದು. ನಮ್ಮ ಮಿನ್ನೆಸೋಟಾದಲ್ಲಿ ಅದಕ್ಕೆ ಹಾಟ್‌ಡಿಶ್ ಅಂತಾರೆ.” ಮೂಲದಲ್ಲಿ ಅದು ಬಾಣಲೆಯಂಥ ಪಾತ್ರೆಗೆ ಫ್ರೆಂಚರು ಇಟ್ಟ ಹೆಸರಂತೆ. ಅಮೆರಿಕಕ್ಕೆ ಹೋಗಿ ತಿಂಡಿಗೆ ಅಂಟಿಕೊಂಡ ಹೆಸರು ನಮ್ಮಲ್ಲಿ ಪುನಃ ಪಾತ್ರೆಗೇ ಬಂದು ಕೂತಿದೆ. ಮಣ್ಣಿನ ಓಡಿನಲ್ಲಿ ಎರೆದ ದೋಸೆಗೆ ಓಡುಪ್ಪಾಳೆ ಎನ್ನುವ ನಾವು ಇದಕ್ಕೆ ನಗುವ ಹಾಗಿಲ್ಲ.

ಅಲ್ಲಿಯವರು ದಿನಾ ರಾತ್ರಿ ಇದನ್ನೇ ಮಾಡುವುದಾ ಎಂದು ಕೇಳಿದೆ. “ದಿನಾ ಎಲ್ಲಿಯದು ದೊಡ್ಡಮ್ಮ! ನಾನು ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಮಾಡಿದರೆ ಹೆಚ್ಚು. ಪಕ್ಕದ ಮನೆಯ ಅಜ್ಜಿ ಈಗಲೂ ವಾರಕ್ಕೊಮ್ಮೆ ಮಾಡ್ತಾರೆ. ಅವರ ಸೊಸೆ ಮಾಡುದಿಲ್ಲ, ಫೋನಿನಲ್ಲಿ ತರಿಸುದು.” ಇವಳ ಬಾಣಂತನದಲ್ಲಿ ಆ ಅಜ್ಜಿ ಮೂರು ಸಲ ತಂದುಕೊಟ್ಟಿದ್ದರಂತೆ. ಸಾವಾದ ಮನೆಗೂ ಹಾಗೇ ಒಯ್ಯುತ್ತಾರಂತೆ. ನಮ್ಮಲ್ಲಿ ಒಲೆ ಉರಿಯದ ಮನೆಗೆ ಆಚೀಚಿನವರು ಗಂಜಿ ಒಯ್ಯುವ ಹಾಗೆ. ಪಾತ್ರೆ ತಪ್ಪಿಹೋಗಬಾರದೆಂದು ತಳಕ್ಕೆ ಟೇಪು ಅಂಟಿಸಿ ಹೆಸರು ಬರೆಯುತ್ತಾರೆಂದಾಗ ನನಗೆ ತುಂಬ ಹತ್ತಿರವೆನಿಸಿತು. ನನ್ನ ಮದುವೆಯ ಸ್ಟೀಲಿನ ಪಾತ್ರೆಗಳಲ್ಲೆಲ್ಲ ಅಂಗಡಿಯವನು ಕೊರೆದ ನನ್ನ ಇನಿಶಿಯಲ್ ಇನ್ನೂ ಇದೆ.

ಮಾಡಿಯೇ ಬಿಡುವ ಎಂದು ಹೊರಟೆವು. ಅವಳು ಹೇಳಿದ್ದು ಬೀನ್ಸಿನ ಕ್ಯಾಸರೋಲ್. 1955ರಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪೆನಿಯ ಅಡುಗೆ ಮನೆಯಲ್ಲಿ ಡೋರ್ಕಸ್ ರೈಲಿ ಎಂಬಾಕೆ ರೂಪಿಸಿದ್ದು. ಬೀನ್ಸ್, ಡಬ್ಬಿಯ ಅಣಬೆ ಸೂಪು, ಹಾಲು, ಸೋಯಾ ಸಾಸ್, ಕರಿಮೆಣಸು, ಮೇಲಿಂದ ಹುರಿದ ನೀರುಳ್ಳಿ: ಆರೇ ಸಾಮಾನು. ಸೂಪು ಮಾರುವವರೇ ಸೂಪು ಖರ್ಚಾಗುವ ಅಡುಗೆ ಹೇಳಿಕೊಟ್ಟಿದ್ದಾರಲ್ಲ ಎಂದು ನನಗೆ ಹೊಳೆಯದೆ ಇರಲಿಲ್ಲ.

ನಮ್ಮಲ್ಲಿ ಬೀನ್ಸ್ ಇರಲಿಲ್ಲ, ಅಲಸಂಡೆ ಇತ್ತು. ಅಣಬೆ ಅತ್ತೆಗೆ ಆಗದು. ಹಿಂದಿನ ಕೋಣೆಯಲ್ಲಿ ಕೆಮ್ಮಣ್ಣು ಮೆತ್ತಿ ಇಟ್ಟ ಹಲಸಿನ ಬೀಜಗಳಿದ್ದವು. ಬೇಯಿಸಿ, ನುಣ್ಣಗೆ ರುಬ್ಬಿ, ಹಾಲಿಗೆ ಸೇರಿಸಿ ಕಾಯಿಸಿದಾಗ ಡಬ್ಬಿಯ ಸೂಪಿಗೇನೂ ಕಡಮೆಯಿಲ್ಲದ ಹಾಗೆ ದಪ್ಪಗಾಯಿತು. ಸೋಯಾ ಸಾಸ್ ಬಿಟ್ಟೆವು. ಕರಿಮೆಣಸು ತೋಟದ್ದೇ. ಚಾತುರ್ಮಾಸದಲ್ಲಿ ಅತ್ತೆ ನೀರುಳ್ಳಿ ಮುಟ್ಟುವುದಿಲ್ಲ. ಹಾಗಾಗಿ ಅರ್ಧಕ್ಕೆ ಹುರಿದ ನೀರುಳ್ಳಿ, ಇನ್ನರ್ಧಕ್ಕೆ ಹುರಿದು ಪುಡಿ ಮಾಡಿದ ಹಲಸಿನ ಹಪ್ಪಳ. ನಡುವೆ ಗಡಿ ಎಂದು ಒಂದು ಸಾಲು ಗೋಡಂಬಿ ಚೂರು. ಗಡಿಗಳ ವಿಷಯ ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಓವನ್ನಿನ ಕಥೆ ಬೇರೆ. ಮಕ್ಕಳಿಗೆ ಕೇಕು ಮಾಡಲೆಂದು ಕೊಂಡ, ಮುಚ್ಚಳದ ನಡುವೆ ಗಾಜಿನ ಕಣ್ಣಿರುವ ಅಲ್ಯೂಮಿನಿಯಂ ಓವನ್ನು ನಮ್ಮದು. 350 ಡಿಗ್ರಿಗೆ ಇಡಬೇಕು ಎಂದಳು. ಅದು ಫ್ಯಾರನ್‌ಹೀಟು, ನಮ್ಮ ಲೆಕ್ಕದಲ್ಲಿ 177. ನಮ್ಮ ಓವನ್ನಿಗೆ ಎರಡು ಲೆಕ್ಕವೂ ಗೊತ್ತಿಲ್ಲ, ಪ್ಲಗ್ಗು ಹಾಕಿದರೆ ಬಿಸಿ, ತೆಗೆದರೆ ತಣ್ಣಗೆ. ಹತ್ತು ನಿಮಿಷವಾಗಿತ್ತೋ ಇಲ್ಲವೋ, ತೋಟದಲ್ಲಿ ಎಲ್ಲೋ ಮರ ಬಿದ್ದ ಸದ್ದು. ಕರೆಂಟು ಹೋಯಿತು.

ಹುಡುಗಿಯ ಮುಖ ನೋಡಲಾಗಲಿಲ್ಲ. ಅಷ್ಟರಲ್ಲಿ ಆಚೆ ಮನೆಯ ಮುಸ್ಲಿಂ ಅಕ್ಕ, ನಮಗೆಲ್ಲ ‘ಇತ್ತ’, ಕೊಡೆ ಹಿಡಿದು ಹಾಲು ಒಯ್ಯಲು ಬಂದರು. ವಿಷಯ ಕೇಳಿ, “ಟೀಚರೇ, ಇದಕ್ಕೆ ಕರೆಂಟು ಎಂತಕ್ಕೆ?” ಎಂದರು. ಅವರ ಉಮ್ಮ, ಎಂದರೆ ತಾಯಿ, ಚಟ್ಟಿಪತ್ತಿರಿಯನ್ನು ಹೀಗೇ ಪದರ ಪದರವಾಗಿ ಇಟ್ಟು, ಅಡಿಯಲ್ಲಿ ಕೆಂಡ, ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುತ್ತಿದ್ದರಂತೆ. ಬಚ್ಚಲ ಒಲೆಯಲ್ಲಿ ಗೆರಟೆ ಉರಿಯುತ್ತಲೇ ಇತ್ತು. ದಪ್ಪ ತಳದ ಉರುಳಿಗೆ ಎಲ್ಲವನ್ನೂ ವರ್ಗಾಯಿಸುವಾಗ ನಮ್ಮ ಗಡಿ ಅಳಿಸಿಹೋಯಿತು, ಅತ್ತೆಯ ಪಾಲನ್ನು ಚಮಚದಲ್ಲಿ ಬೇರೆ ತೆಗೆಯಬೇಕಾಯಿತು. ಇತ್ತ ಇಕ್ಕುಳದಿಂದ ಕೆಂಡ ಹರಡಿದರು, ಹುಡುಗಿ ಬೀಸಣಿಗೆ ಬೀಸಿದಳು. ಮುಕ್ಕಾಲು ಗಂಟೆ ಹಿಡಿಯಿತು. ಅಂಚು ಸ್ವಲ್ಪ ಸೀದಿತ್ತು. ಜಗಳವಾದದ್ದು ಆ ಸೀದ ಅಂಚಿಗೇ.

ಮೇಣದ ಬತ್ತಿ ಬೆಳಕಿನಲ್ಲಿ ಊಟ. ಅತ್ತೆ ಎರಡು ತುತ್ತು ತಿಂದು, “ಪಲ್ಯ ಒಳ್ಳೇದಾಗಿದೆ. ಅನ್ನ ಎಲ್ಲುಂಟು?” ಎಂದರು. ಇದೇ ಊಟ ಎಂದು ಮೊಮ್ಮಗಳು ಎಷ್ಟು ಹೇಳಿದರೂ ಒಪ್ಪಲಿಲ್ಲ. ಮಧ್ಯಾಹ್ನದ ಅನ್ನ ತಂದು ಬಡಿಸಿದ ಮೇಲೆ ನಾವೆಲ್ಲರೂ ಒಬ್ಬೊಬ್ಬರಾಗಿ ತಟ್ಟೆ ಮುಂದೆ ಮಾಡಿದೆವು. ಹುಡುಗಿ ಕೂಡ.

“ಅಲ್ಲ ದೊಡ್ಡಮ್ಮ, ನೀವು ರಾತ್ರಿ ದಿನಾ ಮೇಲಾರ, ಸಾರು ಅಂತ ಮಾಡ್ತೀರಾ?” ತಂಗಿಯ ಮಗಳು ಕೇಳಿದಳು. ಸುಳ್ಳು ಹೇಳಲಾಗಲಿಲ್ಲ. ಅವರು ಬಂದಿರುವುದರಿಂದ ಮಾತ್ರ ಈ ಎರಡು ವಾರದ ಸಂಭ್ರಮ. ಇಲ್ಲದಿದ್ದರೆ ಅತ್ತೆಗೆ ಗಂಜಿ, ಸಕ್ಕರೆ ಕಾಯಿಲೆಯ ಇವರಿಗೆ ಚಪಾತಿ, ನನಗೆ ಮಧ್ಯಾಹ್ನದ್ದು ಏನುಳಿದಿದೆಯೋ ಅದು. ಮೂರು ಜನ, ಮೂರು ಹೊತ್ತಿಗೆ. ಮೇಲಾರಕ್ಕೆ ತೆಂಗಿನಕಾಯಿ ತುರಿಯುವುದು ಅತಿಥಿಗಳಿದ್ದಾಗ. ಚಪಾತಿಯನ್ನು ಸಂಜೆ ಐದಕ್ಕೇ ಬೇಯಿಸಿ ಇಡುತ್ತೇನೆ.

“ಎಂತದರಲ್ಲಿ ಇಡುದು?” ಎಂದಳು, ಉತ್ತರ ಗೊತ್ತಿದ್ದೇ.

“ಕ್ಯಾಸರೋಲ್‌ನಲ್ಲಿ” ಎಂದೆ.

ಉಳಿದದ್ದನ್ನು ಅಟ್ಟದಿಂದ ಇಳಿಸಿದ್ದ ಆ ಹೊಸ ಡಬ್ಬಿಯಲ್ಲಿ ತುಂಬಿಸಿ ರಾತ್ರಿಯೇ ಇತ್ತನ ಮನೆಗೆ ಕಳಿಸಿದೆವು. ಮರುದಿನ ಮಧ್ಯಾಹ್ನ ಡಬ್ಬಿ ತಿರುಗಿ ಬಂತು, ಖಾಲಿಯಾಗಿ ಅಲ್ಲ. ಒಳಗೆ ಇನ್ನೂ ಬೆಚ್ಚಗಿದ್ದ ಕಲ್ತಪ್ಪ, ಮೇಲೆ ತುಪ್ಪದಲ್ಲಿ ಹುರಿದ ಸಣ್ಣ ನೀರುಳ್ಳಿ. ಹುಡುಗಿ ಮುಚ್ಚಳ ತೆಗೆದು ಇಣುಕಿದಳು. ನೀರುಳ್ಳಿಯನ್ನೆಲ್ಲ ಹೆಕ್ಕಿ ತಿಂದು, ಕಲ್ತಪ್ಪವನ್ನು ನಮಗೆ ಬಿಟ್ಟಳು.