ಡೆನಾನ್‌ಗೆ ಪ್ಲೈವುಡ್ ಮತ್ತು ಅಡುಗೆಕಟ್ಟೆಯ ಕಲ್ಲು

ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಕಟ್ಟುವುದು ನನ್ನ ಕೆಲಸ. ಬೇಸಿಗೆ ಬಂತೆಂದರೆ ಚಿಕ್ಕಮಗಳೂರಿನ ಸುತ್ತಲ ತೋಟಗಳಿಂದ ಸುಟ್ಟ ಮೋಟಾರುಗಳು ಅಂಗಡಿ ಮುಂದೆ ಸಾಲು ಹಿಡಿಯುತ್ತವೆ. ಹಾಗಾಗಿ ಹಳೆಯ ಡೆನಾನ್ ಡಿಪಿ-3000 ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಕೈಗೆ ಸಿಕ್ಕಾಗ ಮೊದಲು ಬಿಚ್ಚಿ ನೋಡಿದ್ದು ಮೋಟಾರನ್ನೇ.

1972ರ ಜಪಾನಿ ಮಾಲು. ಬೆಲ್ಟ್ ಇಲ್ಲ, ಮೋಟಾರಿನ ಶಾಫ್ಟ್ ಮೇಲೇ ಪ್ಲ್ಯಾಟರ್, ಅಂದರೆ ರೆಕಾರ್ಡ್ ಇಡುವ ತಟ್ಟೆ, ಕೂರುತ್ತದೆ. ಪ್ಲ್ಯಾಟರಿನ ಒಳ ಅಂಚಿಗೆ ಕಾಂತದ ಲೇಪ ಕೊಟ್ಟಿದ್ದಾರೆ. ಟೇಪ್ ರೆಕಾರ್ಡರಿನಲ್ಲಿರುವಂಥ ಹೆಡ್ ಒಂದು ಅದನ್ನು ಓದುತ್ತಾ ವೇಗ ಕಾಯುತ್ತದೆ. ಎಂಥಾ ತಲೆ ಅಲ್ವಾ!

ಡೆನಾನ್ ಇದನ್ನು ಬರೀ ಮೋಟಾರ್ ಯೂನಿಟ್ಟಾಗಿ ಮಾರುತ್ತಿತ್ತು. ಪ್ಲಿಂತ್ (ಕೆಳಗಿನ ಪೀಠ), ಆರ್ಮ್ (ಸೂಜಿ ಹಿಡಿಯುವ ತೋಳು) ಕೊಂಡವರ ಪಾಡು. ನನಗೆ ಬಂದದ್ದು ಟೊಳ್ಳು ಪೆಟ್ಟಿಗೆಯಲ್ಲಿ. ನಿಂತ ರೆಕಾರ್ಡಿನ ಮೇಲೆ ಸೂಜಿ ಇಳಿಸಿ, ವಾಲ್ಯೂಮ್ ಸ್ವಲ್ಪ ಏರಿಸಿ, ಪೆಟ್ಟಿಗೆಗೆ ಬೆರಳಲ್ಲಿ ತಟ್ಟಿದರೆ ಸ್ಪೀಕರಿನಲ್ಲಿ ಡೊಳ್ಳು. ಸೂಜಿಗೆ ಗೊತ್ತಾಗುವುದು ರೆಕಾರ್ಡಿಗೂ ಆರ್ಮಿನ ಬುಡಕ್ಕೂ ನಡುವಿನ ಅಲುಗಾಟ ಮಾತ್ರ. ಅದು ಹಾಡಿನದೋ ಹಲಗೆಯದೋ ಅಂತ ಅದಕ್ಕೇನು ಗೊತ್ತು? ಬುಡ ಗಟ್ಟಿಯಿಲ್ಲದ ಪಂಪು ಏನು ಮಾಡುತ್ತದೆ ಅನ್ನುವುದನ್ನು ನಾನು ದಿನಾ ನೋಡುತ್ತೇನೆ.

ಹಾಗಾಗಿ ಹೊಸ ಪ್ಲಿಂತ್ ಮಾಡಲು ಹೊರಟೆ. ಇಂಟರ್ನೆಟ್ಟಿನಲ್ಲಿ ಎಲ್ಲರೂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅನ್ನುತ್ತಾರೆ. ನಮ್ಮ ಮಳೆಗಾಲದಲ್ಲಿ ಅದು ಉಬ್ಬಿಕೊಳ್ಳುತ್ತದೆ. ಬಡಗಿ ಸಿಲ್ವರ್ ಓಕ್ ಹಾಕೋಣ ಅಂದ; ಅಗಲದ ಹಲಗೆ ಬಾಗದೆ ಉಳಿಯುತ್ತೆ ಅನ್ನುವ ನಂಬಿಕೆ ನನಗೆ ಬರಲಿಲ್ಲ. ಕೊನೆಗೆ 18 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್, ನಾಲ್ಕು ಪದರ, ಫೆವಿಕಾಲ್ ಹಚ್ಚಿ ಕ್ಲ್ಯಾಂಪ್ ಬಿಗಿದೆವು.

ಕೆಳಗೆ ಅಡುಗೆಕಟ್ಟೆಗೆ ಕೊಯ್ದು ಉಳಿದಿದ್ದ ಗ್ರಾನೈಟ್. 50 ಸೆಂ.ಮೀ. ಉದ್ದ, 40 ಅಗಲ, 2 ದಪ್ಪ. ಅದೊಂದೇ ಸುಮಾರು 11 ಕೆಜಿ. ಆದರೆ ಗ್ರಾನೈಟ್ ಬರೀ ಭಾರ ಅಂತ ನಂಬಬೇಡಿ. ಹಂಪಿಯ ವಿಠ್ಠಲ ಗುಡಿಯ ಕಂಬಗಳೂ ಗ್ರಾನೈಟೇ, ತಟ್ಟಿದರೆ ನಾದ ಹೊರಡುತ್ತದೆ. ಸುಮ್ನೆ ಕಲ್ಲಿನ ಮೇಲೆ ಮೋಟಾರ್ ಕೂರಿಸಿದರೆ ಕಲ್ಲೂ ಹಾಡುತ್ತದೆ. ಅದಕ್ಕೇ ಕಲ್ಲಿಗೂ ಪ್ಲೈವುಡ್ಡಿಗೂ ನಡುವೆ ತೆಳು ಬಿಟುಮೆನ್ (ಡಾಂಬರು) ಹಾಳೆ ಹಾಕಿದೆ. ಎರಡು ಗಟ್ಟಿ ಪದರಗಳ ನಡುವೆ ಅಂಟು ಪದರ ಉಜ್ಜಾಡಿದಾಗ ಅಲುಗಾಟ ಬಿಸಿಯಾಗಿ ಸತ್ತುಹೋಗುತ್ತದೆ. ನನ್ನ ಪ್ರಕಾರ ಈ ಕೆಲಸದಲ್ಲಿ ಭಾರಕ್ಕಿಂತ ಈ ಹಾಳೆಯದೇ ಜಾಸ್ತಿ ಪಾತ್ರ.

ಆರ್ಮ್ ರೇಗಾ ಕಂಪನಿಯದ್ದು. ಸ್ಪಿಂಡಲಿನಿಂದ (ಪ್ಲ್ಯಾಟರ್ ನಡುವಿನ ಕಡ್ಡಿ) ಅದರ ಪಿವಟ್‌ಗೆ (ಆರ್ಮ್ ತಿರುಗುವ ಬಿಂದು) 222 ಎಂಎಂ. ಅದರ ತೂತು ಕೊರೆಯುವಾಗ ಬಡಗಿಯನ್ನು ದೂರ ನಿಲ್ಲಿಸಿದ್ದೆ.

ಈಗ ತಟ್ಟಿದರೆ ಸಣ್ಣ ‘ಧಪ್’, ಅಷ್ಟೇ. ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಯಲ್ಲಿ ತಾನ ಮುಗಿದ ಮೇಲೆ ತಂಬೂರಿ ಬಿಡಿಸಿ ಕೇಳುತ್ತದೆ. ವೇಗವೇನೂ ಸುಧಾರಿಸಿಲ್ಲ, ಅದು ಸರ್ಕ್ಯೂಟಿನ ಕೆಲಸ. ಬೇರಿಂಗ್ ಸವೆದಿದ್ದರೆ ಎಷ್ಟು ಕಲ್ಲು ಹೇರಿದರೂ ಗುರುಗುರು ಹೋಗುವುದಿಲ್ಲ. ಮೊದಲು ಎಣ್ಣೆ ನೋಡಿ, ಹಳೇ ಕೆಪಾಸಿಟರ್ ಬದಲಿಸಿ. ಜಪಾನಿನ 100 ವೋಲ್ಟಿನ ಸೆಟ್ಟಾದರೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದನ್ನು ಸೂಜಿ ಕೂರುವ ಕಾರ್ಟ್ರಿಜ್‌ನಿಂದ ದೂರ ಇಡಿ, ಇಲ್ಲದಿದ್ದರೆ ಹಮ್ (ಗುಂಯ್ ಸದ್ದು) ಗ್ಯಾರಂಟಿ.